ವೋಲ್ಟಿಲ್ಲದ ವಿದ್ಯುತ್ತಿನ ಪರವಾಗಿ

ಬಾಹ್ಯಾಕಾಶ ಆಟಗಳ ರಸಿಕರಲ್ಲಿ ಒಂದು ತೀರ್ಪು ಬಹುಕಾಲದಿಂದ ಚಲಾವಣೆಯಲ್ಲಿದೆ: ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’ ಕಕ್ಷೆಯ ಗಣಿತದಲ್ಲಿ ಪಂಡಿತ, ವಿದ್ಯುತ್ತಿನಲ್ಲಿ ಮಾತ್ರ ಒಂದನೇ ಕ್ಲಾಸು. ವೋಲ್ಟ್ ಇಲ್ಲ, ಆಂಪಿಯರ್ ಇಲ್ಲ, ತಂತಿ ಇಲ್ಲ. ‘ಎಲೆಕ್ಟ್ರಿಕ್ ಚಾರ್ಜ್’ ಎಂಬ ಒಂದು ಅಂಕಿ ಏರುತ್ತದೆ, ಇಳಿಯುತ್ತದೆ, ಅಷ್ಟೆ. ನಿಜವಾದ ವಿದ್ಯುತ್ ಬೇಕಿದ್ದವರು ‘ಸ್ಟೇಷನಿಯರ್ಸ್’ ಆಡಲಿ ಎಂಬುದು ಈ ತೀರ್ಪಿನ ಬಾಲಂಗೋಚಿ. ಇಷ್ಟು ಸಲೀಸಾಗಿ ತೀರ್ಪು ಕೊಡುವವರು, ಭೂಮಿಯಾಚೆ ವಿದ್ಯುತ್ತಿನ ನಿಜವಾದ ಕಷ್ಟ ಯಾವುದೆಂದು ಒಮ್ಮೆಯಾದರೂ ಕೇಳಿಕೊಂಡಂತಿಲ್ಲ.

ಅಲ್ಲಿನ ಕಷ್ಟ ಬೆಳಕಿನದು, ಹೊತ್ತಿನದು. 2014ರ ನವೆಂಬರಿನಲ್ಲಿ ಫಿಲೇ ಎಂಬ ಇಳಿನೌಕೆ ಧೂಮಕೇತುವಿನ ಮೇಲೆ ಪುಟಿದು ನೆರಳಿಗೆ ಬಿತ್ತು. ಎರಡು ದಿನಕ್ಕೂ ಸ್ವಲ್ಪ ಹೆಚ್ಚು ಹೊತ್ತು ಬ್ಯಾಟರಿಯ ಮೇಲೆ ದುಡಿದು ಮಲಗಿತು. ಭೂಮಿಯ ಬಳಿ ಸುಮಾರು 14 ಕಿಲೊವಾಟ್ ಕೊಡಬಲ್ಲ ಜುನೋ ನೌಕೆಯ ಫಲಕಗಳು ಗುರುಗ್ರಹದ ಬಳಿ 500 ವಾಟಿನ ಆಸುಪಾಸಿಗೆ ಇಳಿಯುತ್ತವೆ. ಬೆಂಗಳೂರಿನಿಂದ ನಡೆಸುತ್ತಿದ್ದ ಮಂಗಳಯಾನದ ಸಂಪರ್ಕ 2022ರಲ್ಲಿ ದೀರ್ಘ ಗ್ರಹಣವೊಂದರಲ್ಲಿ ಕಡಿಯಿತು. ಇಂಧನ ತೀರಿ, ವಿದ್ಯುತ್ ಪಡೆಯುವ ಭಂಗಿಗೆ ನೌಕೆ ತಿರುಗಲಾರದೆ ಹೋಗಿರಬೇಕು ಎಂಬ ತೀರ್ಮಾನಕ್ಕೆ ಇಸ್ರೊ ಬಂತು.

ಈ ಮೂರೂ ಕಥೆಗಳು ಕೆರ್ಬಲ್ ಆಟಗಾರರಿಗೆ ಕೈಯಾರೆ ಗೊತ್ತು. ಮೆಕ್ಸಿಕೋದ ಸ್ಕ್ವಾಡ್ ಕಂಪನಿಯಲ್ಲಿ ಫೆಲಿಪೆ ಫಲಾಂಗೆ ರೂಪಿಸಿದ, 2011ರಲ್ಲಿ ಮೊದಲು ಹೊರಬಂದ ಈ ಆಟದಲ್ಲಿ ಪುಟ್ಟ ಬ್ಯಾಟರಿಯೊಂದು 100 ಯೂನಿಟ್ ಹಿಡಿಯುತ್ತದೆ. ನೌಕೆಯನ್ನು ತಿರುಗಿಸುವ ಚಕ್ರಗಳು ಅದನ್ನು ತಿನ್ನುತ್ತವೆ, ಮಾಹಿತಿ ಕಳಿಸುವ ಆಂಟೆನಾ ತಿನ್ನುತ್ತದೆ. ಅಷ್ಟರಲ್ಲಿ ‘ಮನ್’ ಎಂಬ ಆಟದೊಳಗಿನ ಚಂದ್ರನ ಬೆನ್ನು ಸೂರ್ಯನನ್ನು ಮರೆಮಾಡಿದರೆ, ಫಲಕ ಎಷ್ಟಿದ್ದರೂ ಕೆಲಸಕ್ಕೆ ಬರುವುದಿಲ್ಲ. ಅಂಕಿ ಸೊನ್ನೆಗೆ ಬಂತೆಂದರೆ ಸಿಬ್ಬಂದಿಯಿಲ್ಲದ ನೌಕೆ ಮಾತು ಕೇಳದ ತಗಡು. ಜೂಲ್ ಗ್ರಹದತ್ತ ಹೊರಟವರಿಗೆ ದೂರದ ವರ್ಗಕ್ಕೆ ತಕ್ಕಂತೆ ಬಿಸಿಲು ಬಡವಾಗುವುದು ಕಾಣುತ್ತದೆ. ಆಗ ಸೆಕೆಂಡಿಗೆ 0.8 ಯೂನಿಟ್ ಮಾತ್ರ ಕೊಡುವ ಪರಮಾಣು ಬ್ಯಾಟರಿಯ ಬೆಲೆ ತಿಳಿಯುತ್ತದೆ. ಯಾವ ಗಾತ್ರ, ಎಷ್ಟು ತೂಕ, ಎಷ್ಟು ಕತ್ತಲೆ ಎಂಬ ಲೆಕ್ಕ ಉಡಾವಣೆಗೆ ಮುಂಚೆಯೇ ಮುಗಿದಿರಬೇಕು. ನಿಜವಾದ ನೌಕೆ ಕಟ್ಟುವವರು ಮಾಡುವ ಲೆಕ್ಕವೂ ಇದೇ.

ಆ ಪರಮಾಣು ಬ್ಯಾಟರಿ ಆಟದಲ್ಲಿ ಎಂದೂ ಸೊರಗುವುದಿಲ್ಲ ಎಂಬ ಆಕ್ಷೇಪವಿದೆ. ನಿಜವೇ. ಇಂಥದೇ ಬ್ಯಾಟರಿ ಹೊತ್ತು ಸುಮಾರು 470 ವಾಟಿನಿಂದ ಹೊರಟ ನಿಜವಾದ ನೌಕೆಗಳಾದ ವಾಯೇಜರ್‌ಗಳು ವರ್ಷಕ್ಕೆ ಸುಮಾರು 4 ವಾಟ್ ಕಳೆದುಕೊಳ್ಳುತ್ತ ಬಂದಿವೆ. ಬೇರೆ ಆಟ ಈ ತಪ್ಪು ಮಾಡಿದ್ದರೆ ಬಿಡುವಂತಿರಲಿಲ್ಲ. ಕೆರ್ಬಲ್‌ಗೆ ರಿಯಾಯಿತಿ ಉಂಟು, ಅದು ತನ್ನ ಸಾಲವನ್ನು ಬೇರೆಡೆ ತೀರಿಸಿದೆ.

ಇನ್ನು ತಂತಿಪಕ್ಷ. 2017ರ ಡಿಸೆಂಬರಿನಲ್ಲಿ ಬಂದ ‘ಸ್ಟೇಷನಿಯರ್ಸ್’ನಲ್ಲಿ ಸಾದಾ ಕೇಬಲ್ 5 ಕಿಲೊವಾಟ್ ದಾಟಿದರೆ ಸುಡುತ್ತದೆ, ದಪ್ಪನೆಯದು 100ರವರೆಗೆ ತಡೆಯುತ್ತದೆ. ಆದರೆ ವೋಲ್ಟ್ ಅಲ್ಲೂ ಇಲ್ಲ! ವ್ಯತ್ಯಾಸವಿಷ್ಟೇ: ಒಬ್ಬರು ತಂತಿಯನ್ನು ಬಿಟ್ಟು ಸರಳಗೊಳಿಸಿದರು, ಇನ್ನೊಬ್ಬರು ತಂತಿಯನ್ನು ಉಳಿಸಿಕೊಂಡು ಸರಳಗೊಳಿಸಿದರು. ವೋಲ್ಟ್ ಮುಖ್ಯವೆನ್ನುವವರು ಅಪೊಲೊ 13ರ ಹೆಸರೆತ್ತುವುದು ವಾಡಿಕೆ. ಅಲ್ಲಿ 28 ವೋಲ್ಟಿನ ಸ್ವಿಚ್ಚಿಗೆ ನೆಲದ ಮೇಲಿನ ಪರೀಕ್ಷೆಯಲ್ಲಿ 65 ವೋಲ್ಟ್ ಕೊಟ್ಟದ್ದೇ ನೌಕೆಯಲ್ಲಾದ ಸ್ಫೋಟದ ಬೇರು. ಆ ಕಥೆಯನ್ನು ‘ಸ್ಟೇಷನಿಯರ್ಸ್’ ಕೂಡ ಹೇಳಲಾರದು. ಸ್ಫೋಟದ ನಂತರ ಒಂದೊಂದೇ ಉಪಕರಣ ಆರಿಸಿ ಬ್ಯಾಟರಿ ಉಳಿಸಿದ, ಮರಳುವಾಗ ಯಾವುದನ್ನು ಯಾವ ಸರದಿಯಲ್ಲಿ ಹಚ್ಚಬೇಕೆಂದು ನಿಯಂತ್ರಣ ಕೇಂದ್ರದ ಜಾನ್ ಆರನ್ ತಂಡ ತಲೆಕೆಡಿಸಿಕೊಂಡ ಉಳಿದರ್ಧ ಕಥೆ ಮಾತ್ರ ಅಪ್ಪಟ ಕೆರ್ಬಲ್.

ಅಸಲಿಗೆ ಈ ಜಗಳ ವಿದ್ಯುತ್ತಿನದೂ ಅಲ್ಲ. ಬೆವರು ಹರಿಸಿದ್ದೇ ಸತ್ಯ ಎಂಬ ಅಭಿರುಚಿಯೊಂದು ಬೇರೂರಿದೆ. ಸ್ಟೀಮ್ ಜಾಲದಲ್ಲಿ ಪ್ರತಿ ವಿಮರ್ಶೆಯ ಪಕ್ಕದಲ್ಲೂ ಆಡಿದ ಗಂಟೆಗಳ ಲೆಕ್ಕವಿರುತ್ತದೆ. ಗಂಟೆ ಹೆಚ್ಚಿದಷ್ಟೂ ಮಾತಿಗೆ ತೂಕ. ಬೇಸರವನ್ನು ಸಹಿಸಿಕೊಂಡವರಿಗೆ ಬೇಸರವೇ ವಾಸ್ತವವಾಗಿ ಕಾಣತೊಡಗುವುದರಲ್ಲಿ ಆಶ್ಚರ್ಯವಿಲ್ಲ. ಇದೇ ಕಣ್ಣಿನಿಂದ ನೋಡಿದವರು 2012ರ ‘ಎಫ್‌ಟಿಎಲ್’ ಅನ್ನು ಹಸಿರು ಪಟ್ಟಿಗಳ ಆಟವೆಂದು ತಳ್ಳಿಹಾಕುತ್ತಾರೆ. ರಕ್ಷಾಕವಚದ ಒಂದು ಪದರಕ್ಕೆ ಎರಡು ಪಟ್ಟಿ ವಿದ್ಯುತ್ ಬೇಕು, ಶತ್ರುವಿನ ಕ್ಷಿಪಣಿ ಹೊರಟಾಗಿದೆ, ರಿಯಾಕ್ಟರಿನಲ್ಲಿ ಏನೂ ಉಳಿದಿಲ್ಲ. ಆಗ ಆಮ್ಲಜನಕವನ್ನು ಆರಿಸಿ ಆ ಪಟ್ಟಿಯನ್ನು ಆಯುಧಕ್ಕೆ ಕೊಡುವ ಆಟಗಾರನಿಗೆ ಓಮನ ನಿಯಮವನ್ನೂ ಕಲಿಸಿದರೆ ಅವನ ಸಂಕಟ ಎಷ್ಟು ಹೆಚ್ಚುತ್ತದೆ ಎಂಬುದಕ್ಕೆ ತಂತಿಪಕ್ಷದವರು ಇನ್ನೂ ಉತ್ತರ ಕೊಟ್ಟಿಲ್ಲ.