ಕೇಡಿಗೊಂದು ಪರಿಚಿತ ಮುಖ

ನಂಜನಗೂಡನ್ನು ದಾಟಿ ಗುಂಡ್ಲುಪೇಟೆಯ ಹಾದಿ ಹಿಡಿದರೆ ಮುಂದೆ ಬಂಡೀಪುರದ ಕಾಡು. ತಿ. ನರಸೀಪುರ, ನಂಜನಗೂಡು ಸೀಮೆಯವರಾದ ನಮಗೆ ಕಾಡುಗಳ್ಳತನ ದೂರದೇಶದ ಕಥೆಯಲ್ಲ. ಆದ್ದರಿಂದಲೇ ವಿಜಯ್ ನಿರ್ದೇಶನದ ‘ಗಂಧದ ಗುಡಿ’ಯನ್ನು (1973) ಮನೆಮಂದಿಯೊಡನೆ ಮತ್ತೊಮ್ಮೆ ನೋಡಿರೆಂದು ಕೇಳಿಕೊಳ್ಳುತ್ತೇನೆ. ಈ ಸಲ ನಾಯಕ ರಾಜಕುಮಾರರನ್ನು ಬಿಟ್ಟು ಖಳ ಬಾಲಕೃಷ್ಣರನ್ನು ಗಮನಿಸಿರಿ.

ಅಪರಾಧದ ಚಿತ್ರಗಳಲ್ಲಿ ನಾಯಕನ ಒಳ್ಳೆಯತನ ನಮಗೆ ಮೊದಲೇ ಗೊತ್ತಿರುತ್ತದೆ. ಕೇಡು ಮನುಷ್ಯನೊಳಗೆ ಹೇಗೆ ಮನೆಮಾಡುತ್ತದೆ ಎಂಬುದನ್ನು ತೋರಿಸುವವರು ಪೋಷಕ ನಟರೇ. ಅಮೆರಿಕದ ಎಲಿಷಾ ಕುಕ್ ಇದಕ್ಕೆ ನಿದರ್ಶನ. ಸ್ಟಾನ್ಲಿ ಕುಬ್ರಿಕ್‌ರ ‘ದಿ ಕಿಲ್ಲಿಂಗ್’ (1956) ಚಿತ್ರದಲ್ಲಿ ಅವರದು ಕುದುರೆ ಜೂಜಿನ ಮೈದಾನದ ಗುಮಾಸ್ತನ ಪಾತ್ರ. ಹೆಂಡತಿಯ ಮೆಚ್ಚುಗೆಗಾಗಿ ಹಂಬಲಿಸುವ ಆತ ದರೋಡೆಯ ಗುಟ್ಟನ್ನೇ ಅವಳಿಗೆ ಬಿಟ್ಟುಕೊಡುತ್ತಾನೆ. ಸರ್ವನಾಶಕ್ಕೆ ಅಷ್ಟು ದೌರ್ಬಲ್ಯವೇ ಸಾಕಾಗುತ್ತದೆ.

ಕನ್ನಡದಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ಯ (1968) ಮೂಲಕ ಸಿ.ಐ.ಡಿ. 999 ಚಿತ್ರಗಳನ್ನು ಆರಂಭಿಸಿತು. ಅವುಗಳಲ್ಲಿ ರಂಜನೆಗೆ ಕೊರತೆಯಿಲ್ಲ. ಆದರೆ ಅಲ್ಲಿನ ಕೇಡಿಗರು ರಹಸ್ಯ ಅಡ್ಡೆಗಳ ನಿವಾಸಿಗಳು, ನಮ್ಮ ಬೀದಿಯಲ್ಲಿ ಎದುರಾಗುವವರಲ್ಲ. ಬಾಲಕೃಷ್ಣರ ಖಳನಾದರೋ ನಮ್ಮ ಊರಿನ ಯಜಮಾನನಂತೆಯೇ ಮಾತನಾಡುತ್ತಾನೆ. ಶ್ರವಣದೋಷವಿದ್ದ ಈ ನಟ, ಎದುರು ನಟರ ಮುಖವನ್ನೋದಿ ಸಂಭಾಷಣೆಗೆ ಜೀವ ತುಂಬಿದವರು. ಅವರ ಖಳನನ್ನು ಕಂಡಾಗ ‘ಇಂಥವರನ್ನು ನಾನು ಬಲ್ಲೆ’ ಎನಿಸುತ್ತದೆ. ಚಿತ್ರದ ಬಲವಿರುವುದು ಇಲ್ಲಿ. ಎಲ್ಲವನ್ನೂ ಹೊಡೆದಾಟದಲ್ಲೇ ತೀರ್ಮಾನಿಸುವ ಆತುರ ಅದರ ಮಿತಿ.

ಇಂಥ ನಟರು ಕೇವಲ ಪಾತ್ರಧಾರಿಗಳಾಗಿ ಉಳಿಯಲಿಲ್ಲ. ‘ಗಂಧದ ಗುಡಿ’ಯ ನಿರ್ಮಾಪಕ, ಮೈಸೂರಿನ ಕುಸ್ತಿಪಟು ಎಂ.ಪಿ. ಶಂಕರ್, ಸ್ವತಃ ಪೋಷಕ ನಟರು. ಅದಕ್ಕೂ ಮೊದಲೇ ನಂಜನಗೂಡಿನಲ್ಲಿ ಜನಿಸಿದ ಜಿ.ವಿ. ಅಯ್ಯರ್, ಬಾಲಕೃಷ್ಣ ಮತ್ತು ನರಸಿಂಹರಾಜು ಅವರು ರಾಜಕುಮಾರರೊಡನೆ ಕೈಜೋಡಿಸಿ ‘ರಣಧೀರ ಕಂಠೀರವ’ವನ್ನು (1960) ನಿರ್ಮಿಸಿದ್ದರು. ಭಿತ್ತಿಪತ್ರದಲ್ಲಿ ಚಿಕ್ಕದಾಗಿ ಕಂಡ ಹೆಸರುಗಳೇ ಕನ್ನಡ ಚಿತ್ರರಂಗದ ಭಾರವನ್ನೂ ಹೊತ್ತಿದ್ದವು.

ನಾಯಕನನ್ನಷ್ಟೇ ನೋಡಿ ಬೆಳೆಯುವ ಮಗು, ಕೆಟ್ಟವರೆಂದರೆ ಎಲ್ಲೋ ಇರುವ ಬೇರೆಯವರೆಂದು ನಂಬಿಬಿಡುತ್ತದೆ. ಹಿರಿಯರಾದ ನಾವೂ ಹಾಗೆ ನಂಬಿದವರೇ ಅಲ್ಲವೇ? ಚಿತ್ರ ಮುಗಿದ ಮೇಲೆ ಮಕ್ಕಳನ್ನು ಒಂದು ಪ್ರಶ್ನೆ ಕೇಳಿರಿ: ‘ಆ ಕೆಟ್ಟವನು ಮೊದಲ ತಪ್ಪು ಮಾಡಿದ್ದು ಯಾವಾಗ?’ ಉತ್ತರ ಹುಡುಕುವಾಗ ನೀವೂ ಅವರ ಜೊತೆಗಿರಿ.