ಗಳಿಸಿದ ಕಾರು, ಕೊಂಡ ಕಾರು

ಪರದೆಯ ಮೇಲೆ ಕಾರು ಓಡಿಸುವ ಆಟಕ್ಕೂ ಈ ಪುಟಕ್ಕೂ ಏನು ಸಂಬಂಧವೆಂದು ವಾಚಕರು ಹುಬ್ಬೇರಿಸಬಹುದು. ಕಥಾಸಂವಿಧಾನ ಎಲ್ಲಿದ್ದರೂ ಅದು ವಿಮರ್ಶೆಗೆ ವಸ್ತುವೇ ಸರಿ. 1997ರಲ್ಲಿ ಜಪಾನಿನಲ್ಲಿ ಹೊರಬಂದ, ಕಜುನೋರಿ ಯಮೌಚಿಯವರ 'ಗ್ರ್ಯಾನ್ ಟುರಿಸ್ಮೊ' ಆಟದಲ್ಲಿ ಅದು ಸೊಗಸಾಗಿಯೇ ಇತ್ತು.

ಅಲ್ಲಿ ಆಟಗಾರನ ಕೈಯಲ್ಲಿ ಮೊದಲಿಗೆ ಇರುವುದು 10,000 ಕ್ರೆಡಿಟ್ ಮಾತ್ರ. ಹೊಸ ಕಾರಿನ ಮಾತು ಹಾಗಿರಲಿ, ಯಾರೋ ಓಡಿಸಿ ಬಿಟ್ಟ ಹಳೆಯದೇ ಗತಿ. ದೊಡ್ಡ ಪಂದ್ಯಕ್ಕೆ ಇಳಿಯಬೇಕಾದರೆ ಲೈಸೆನ್ಸ್ ಪರೀಕ್ಷೆ: ಇಷ್ಟು ಸೆಕೆಂಡಿನೊಳಗೆ ಓಡಿ ಗೆರೆಯೊಳಗೇ ನಿಲ್ಲಬೇಕು, ರಸ್ತೆ ಬಿಡದೆ ಈ ತಿರುವನ್ನು ದಾಟಬೇಕು. ಗೆದ್ದ ಹಣದಲ್ಲಿ ಒಳ್ಳೆಯ ಟೈರು, ಮುಂದೊಮ್ಮೆ ಟರ್ಬೊ. ಕೆಲವು ಪಂದ್ಯಮಾಲೆಗಳಲ್ಲಿ ಕಾರೇ ಬಹುಮಾನ. ವೇಗದ ಕಾರು ಮನೆಗೆ ಬರುವ ಹೊತ್ತಿಗೆ, ಬ್ರೇಕನ್ನು ಎಲ್ಲಿ ಒತ್ತಬೇಕೆಂಬುದನ್ನು ಆ ಬಡಕಲು ಕಾರು ಕಲಿಸಿಬಿಟ್ಟಿರುತ್ತದೆ. ಆಟದ ಜಿಪುಣತನದಲ್ಲಿ ಔಚಿತ್ಯವಿತ್ತು.

2022ರ ಏಳನೆಯ ಕೃತಿಯಲ್ಲಿ ಒಂದು ಕೆಫೆ ಇದೆ. ಅದರ ಯಜಮಾನ ಲೂಕಾ 'ಮೆನು ಪುಸ್ತಕ' ಮುಂದಿಡುತ್ತಾನೆ; ಅದರಲ್ಲಿ ಹೇಳಿದ ಕಾರುಗಳನ್ನು ಕೂಡಿಸಿ ತಂದರೆ ಅವುಗಳ ಚರಿತ್ರೆ ಹೇಳುತ್ತಾನೆ. ಕಲ್ಪನೆ ರಮ್ಯವಾಗಿದೆ. ಆದರೆ ಪಂದ್ಯದಲ್ಲಿ ಮೂರನೆಯವನಾಗಿ ಬಂದರೂ ಕಾರು ಸಿಗುವುದರಿಂದ, ಹಿಂದಿನದರ ಪರಿಚಯವಾಗುವ ಮೊದಲೇ ಮುಂದಿನದು ಬಾಗಿಲಲ್ಲಿ ನಿಂತಿರುತ್ತದೆ. ಪೂರ್ವಾರ್ಧದಲ್ಲಿ ಕರ್ಣನಾಗಿದ್ದವನು ಉತ್ತರಾರ್ಧದಲ್ಲಿ ಹಠಾತ್ತನೆ ಲೋಭಿಯಾಗುತ್ತಾನೆ. ಕೆಲವು ಕಾರುಗಳಿಗೆ ಎರಡು ಕೋಟಿ ಕ್ರೆಡಿಟ್‌ವರೆಗೆ ಬೆಲೆ! ಜೊತೆಗೆ ಅದೃಷ್ಟದ ಚಕ್ರ ಬೇರೆ. ಇಷ್ಟರ ಪಕ್ಕದಲ್ಲೇ, ನಿಜವಾದ ಹಣ ತೆತ್ತು ಕ್ರೆಡಿಟ್ ಕೊಳ್ಳುವ ಅಂಗಡಿ ತೆರೆದಿದೆ.

ಆ ಮಾರ್ಚಿಯಲ್ಲೇ ಹಲವು ಪಂದ್ಯಗಳ ಬಹುಮಾನವನ್ನು ಇಳಿಸಿದಾಗ ಆಟಗಾರರು ಸಿಡಿದೆದ್ದರು. ಯಮೌಚಿ ಕ್ಷಮೆ ಕೋರಿದರು. ಹತ್ತು ಲಕ್ಷ ಕ್ರೆಡಿಟ್ ಹಂಚಿದರು. ಏಪ್ರಿಲಿನಲ್ಲಿ ಬಹುಮಾನಗಳೂ ಏರಿದವು. ಸಿಟ್ಟು ನ್ಯಾಯವಾದದ್ದೇ. ಆದರೆ ಎಲ್ಲರೂ ಮೊತ್ತದ ಲೆಕ್ಕದಲ್ಲೇ ತೊಡಗಿದ್ದರೆಂದು ನನಗೆ ತೋರುತ್ತದೆ. ಹಣ ಹೆಚ್ಚು ಸಿಗುವ ಒಂದೇ ಪಂದ್ಯವನ್ನು ಇಪ್ಪತ್ತು ಸಲ ಓಡಿದರೆ ಕೈ ಏನು ಹೊಸದು ಕಲಿತೀತು? ಅದು ಕೂಲಿ, ದುಡ್ಡಿದ್ದವನು ಆ ಕೂಲಿಯನ್ನು ತಪ್ಪಿಸಿಕೊಳ್ಳುತ್ತಾನೆ, ಅಷ್ಟೆ.

ಲೈಸೆನ್ಸ್ ಪರೀಕ್ಷೆಗಳು ಮಾತ್ರ ಈ ಕೃತಿಯಲ್ಲೂ ಉಳಿದುಕೊಂಡಿವೆ. ಒಂದು ದರ್ಜೆಯ ಎಲ್ಲ ಪರೀಕ್ಷೆಗಳಲ್ಲೂ ಚಿನ್ನ ಗಳಿಸಿದವನಿಗೆ ಒಂದು ಕಾರು. ಆ ಚಿನ್ನಕ್ಕೆ ಅಂಗಡಿಯಲ್ಲಿ ಬೆಲೆಚೀಟಿಯಿಲ್ಲ. ಹೊಸದಾಗಿ ಆಡಹೊರಟವರು ಅಲ್ಲಿಂದಲೇ ತೊಡಗಬಹುದು.