ಫ್ರೆಂಚ್ ಪದ್ಯದ ಅಕ್ಷರಗಣನೆ

ರಾಸೀನನ ‘ಫೇದ್ರ್’ (1677) ನಾಟಕದ ಪಾದವೊಂದಕ್ಕೆ 12 ಅಕ್ಷರಗಳು. 6ನೆಯದರ ಮೇಲೆ ಯತಿ. ಇಲ್ಲಿ ಗುರುಲಘುಗಳ ನಿಯಮವಿಲ್ಲವಾದುದರಿಂದ ಎಣಿಕೆಯೇ ಛಂದಸ್ಸಿನ ಆಧಾರವು. ‘ಸುಂದರಿ’ ಎಂಬರ್ಥದ ‘ಬೆಲ್’ ಶಬ್ದವು ಮಾತಿನಲ್ಲಿ ಏಕಾಕ್ಷರವು. ಪದ್ಯದಲ್ಲಾದರೋ, ವ್ಯಂಜನವು ಪರವಾದಾಗ ಬರಹದಲ್ಲಿರುವ ಅಂತ್ಯಸ್ವರವು ಅಸ್ಪಷ್ಟವಾಗಿಯಾದರೂ ಉಚ್ಚರಿತವಾಗಿ, ‘ಬೆ-ಲ’ ಎಂದು ಎರಡಕ್ಷರವಾಗುವುದು. ಸ್ವರವು ಪರವಾದರೆ ನಮ್ಮ ಲೋಪಸಂಧಿಯಲ್ಲಿರುವಂತೆ ಅದು ಲೋಪಹೊಂದಿ, ಲಕಾರವು ಮುಂದಿನ ಸ್ವರವನ್ನು ಕೂಡುವುದು. ಪಾದಾಂತ್ಯದಲ್ಲಿ ಅದು ಗಣನೆಗೆ ಬಾರದು.

ಈ ಸ್ವರವನ್ನು ಎಲ್ಲೆಡೆಯೂ ನುಂಗಿ ಓದುವುದನ್ನು ಸಹಜವೆಂದು ಮೆಚ್ಚುವವರುಂಟು. ಆ ಮೆಚ್ಚುಗೆಯು ವಿಚಾರಕ್ಕೆ ನಿಲ್ಲದು. 12 ಅಕ್ಷರಗಳು 11 ಆದರೆ ಯತಿಯು ಸ್ಥಾನಭ್ರಷ್ಟವಾಗಿ, ಪದ್ಯವು ಗದ್ಯವಾಗುವುದು; ಕವಿಯು ಒಂದು ಪದದ ಮೇಲೆ ನಿಲ್ಲಿಸಿದ ಭಾವವೂ ಜಾರಿಹೋಗುವುದು. ಆದುದರಿಂದ ಬೋಧಕರು ಮೊದಲು ಅಕ್ಷರವಿಭಾಗವನ್ನು ಕಲಿಸಿ, ಅನಂತರ ಅರ್ಥವಿವರಣೆಗೆ ತೊಡಗುವುದು ಯುಕ್ತವು.